ಕಣ್ಣು ಮುಚ್ಚಿ ಬೈಯುವ ಮನೆ

ಇವತ್ತು ಬೆಳಿಗ್ಗೆ ನನ್ನ ಸೊಸೆ ಶೀಬಾ ಪಕ್ಕದ ರೂಮಿನಿಂದ ಫೋನಿಗೊಂದು ಮೆಸೇಜ್ ಹಾಕಿದಳು. ಅದೂ ನನ್ನೊಬ್ಬಳಿಗಲ್ಲ, ಫ್ಯಾಮಿಲಿ ಗ್ರೂಪಿಗೆ. ದುಬೈಯಲ್ಲಿರುವ ನನ್ನ ತಂಗಿಯೂ ಓದಿ ಪಾವನಳಾಗಲಿ ಅಂತ. ‘ದಯವಿಟ್ಟು ಯಾರೂ ಸ್ಟೀಲ್ ಲೋಟವನ್ನು ಮೈಕ್ರೋವೇವ್ ಒಳಗೆ ಇಡಬಾರದು.’ ಕೊನೆಗೆ ಕೈಮುಗಿದ ಬೊಂಬೆಗಳ ಸಾಲು. ಈ ‘ಯಾರೂ’ ಅನ್ನುವ ವ್ಯಕ್ತಿ ನಮ್ಮ ಮನೆಯಲ್ಲಿ ನಾನೊಬ್ಬಳೇ. ನಿನ್ನೆ ಸಂಜೆ ಹಾಲು ಬಿಸಿಗಿಟ್ಟೆ, ಒಳಗೆ ದೀಪಾವಳಿ ಶುರುವಾಯಿತು. ಆಗಿನಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಮುಗಿದ ಕೈಗಳನ್ನು ನೋಡಿ ನಮ್ಮತ್ತೆ ಮಾರ್ಥಮ್ಮ ನೆನಪಾದರು. ಅವರೂ ಬೈಯುತ್ತಿದ್ದದ್ದು ಹೀಗೇ, ಕೈಮುಗಿದುಕೊಂಡು.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಪ್ರೇಯರ್ ಅಂದರೆ ರೆಡಿಮೇಡ್ ಬಟ್ಟೆ ಇದ್ದ ಹಾಗೆ: ಬೈಹಾರ್ಟ್ ಮಾಡು, ಒಪ್ಪಿಸು, ಬೆಲ್ ಹೊಡೆದರೆ ಓಡು. ಮದುವೆಯಾಗಿ ವೈಟ್‌ಫೀಲ್ಡಿಗೆ ಬಂದರೆ ಇಲ್ಲಿ ಎಲ್ಲ ಅಳತೆ ತೆಗೆದು ಹೊಲಿಯುವ ವ್ಯವಹಾರ. ದಿನಾ ಸಂಜೆ ಏಳಕ್ಕೆ ಚಾಪೆ ಹಾಸಿ, ಮಾವ ಒಂದು ಅಧ್ಯಾಯ ಓದಿ, ಆಮೇಲೆ ಒಬ್ಬೊಬ್ಬರೂ ಕಣ್ಣು ಮುಚ್ಚಿ ಸ್ವಂತ ಮಾತಿನಲ್ಲಿ ಪ್ರಾರ್ಥಿಸಬೇಕು. ಮೊದಲನೇ ದಿನ ನಾನು ಗಾಬರಿಯಲ್ಲಿ ಊಟದ ಮುಂಚಿನ ಇಂಗ್ಲಿಷ್ ಗ್ರೇಸ್ ಹೇಳಿಬಿಟ್ಟೆ. ಎಲ್ಲರೂ ಎದ್ದು ಕೈ ತೊಳೆಯಲು ಹೊರಟರು.

ಸ್ವಂತ ಮಾತು ಯಾಕೆ ಅಂತ ಒಂದೇ ವಾರದಲ್ಲಿ ಗೊತ್ತಾಯಿತು. “ಕರ್ತನೇ,” ಅಂದರು ಅತ್ತೆ, ರೆಪ್ಪೆ ಅಲುಗಿಸದೆ, “ಸಾರಿಗೆ ಉಪ್ಪು ಹಾಕಲು ಮರೆಯುವವರನ್ನೂ ನೀನು ಪ್ರೀತಿಸುತ್ತೀಯ. ನಿನ್ನ ತಾಳ್ಮೆ ದೊಡ್ಡದು.” ನನ್ನ ಸರದಿ ಬಂದಾಗ ನಾನೂ ಬಿಡಲಿಲ್ಲ. “ಪ್ರಭುವೇ, ಈ ಮನೆಯಲ್ಲಿ ಬಿ.ಪಿ. ಇರುವವರಿಗೆ ಉಪ್ಪು ಕಡಿಮೆ ಹಾಕುವ ಬುದ್ಧಿಯನ್ನು ಸೊಸೆಯಂದಿರಿಗೆ ಕೊಟ್ಟಿದ್ದೀಯಲ್ಲ, ಸ್ತೋತ್ರ.” ನನ್ನ ಗಂಡ ಈ ಕಾಳಗದ ನಡುವೆ ಹಾಯಾಗಿ ನಿದ್ದೆ ಮಾಡುತ್ತಿದ್ದರು. ನಮ್ಮ ಮದುವೆಯಲ್ಲಿ ಪಾಸ್ಟರು ರೂತಳ ಕಥೆ ಹೇಳಿದ್ದರು, ಅತ್ತೆಯನ್ನು ಬಿಡದೆ ಹಿಂಬಾಲಿಸಿ ಹೋದ ಸೊಸೆಯ ಕಥೆ. ರೂತಳಿಗೆ ಮಾರ್ಥಮ್ಮ ಸಿಕ್ಕಿದ್ದರೆ ಅವಳು ಮೊದಲ ಬಸ್ಸಿಗೇ ತವರೂರು ಮೋವಾಬಿಗೆ ವಾಪಸ್.

ಒಂದು ನಿಯಮ ಮಾತ್ರ ಕಟ್ಟುನಿಟ್ಟು. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ಅಡ್ಡ ಬಾಯಿ ಹಾಕುವಂತಿಲ್ಲ. ಮಾತು ಮೇಲಕ್ಕೆ ಹೋಗುತ್ತಿದೆ, ನಮ್ಮ ಕಿವಿಗೆ ಬಿದ್ದದ್ದು ಆಕಸ್ಮಿಕ.

ನಾದಿನಿ ಕರುಣಾ ಕಾಡುಗೋಡಿಯ ರಾಗಿ ಹೊಲದ ಮುನಿರಾಜುವನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದಾಗ ಈ ಪದ್ಧತಿ ಕೈಕೊಟ್ಟಿತು. ಆಣೆ ಇಡಬಾರದು ಅಂತ ಬೈಬಲ್‌ನಲ್ಲಿದೆ. ಆದ್ದರಿಂದ ಅತ್ತೆ ಆಣೆ ಇಡದೆ ಮಗಳ ಜೊತೆ ಮಾತು ಮಾತ್ರ ಬಿಟ್ಟರು. ಅವಳು ಬಾಗಿಲಿಗೆ ಬಂದರೆ ಒಳಗೆ ಹೋಗಿ ಮಲಗುತ್ತಿದ್ದರು. ಸಂಜೆಯಾದರೆ ಮಾತ್ರ, “ಕರ್ತನೇ, ಕಾಡುಗೋಡಿ ಕಡೆ ಇರುವ ಆ ನಿನ್ನ ಕುರಿ...” ಅಂತ ಶುರು. ಪಾಪ, ಕುರಿಗೆ ಅದೊಂದೂ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ನಮಗೆ. ಅತ್ತೆಯ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಹಠ ಹಿಡಿದವರಿಗೆ ಇಳಿಯಲು ಏಣಿ ಬೇಕು. ಅದನ್ನು ಇಡುವವರು ಯಾರು?

ಎರಡು ವರ್ಷ ಹೀಗೇ ಕಳೆದವು. ಡಿಸೆಂಬರಿನ ಒಂದು ಸಂಜೆ, ಹೊತ್ತು ಮುಳುಗುವ ಮುಂಚೆ, ಕರುಣಾ ಗಂಡನ ಜೊತೆ ಬಂದಳು, ಹೊಟ್ಟೆ ಮುಂದೆ, ಅವಳು ಹಿಂದೆ. ಅತ್ತೆ ಈ ಸಲ ಮಲಗಲಿಲ್ಲ. ಮಗಳ ಕಡೆ ನೋಡಲೂ ಇಲ್ಲ. ನನ್ನ ಹತ್ತಿರ ಬಂದು ಗೋಡೆಗೆ ಹೇಳಿದ ಹಾಗೆ, “ಆ ಹುಂಜ ಹಿಡಿ,” ಅಂದರು.

ಹುಂಜ ನನ್ನದು ಕಣ್ರೀ. ಕ್ರಿಸ್‌ಮಸ್‌ಗೆ ಅಂತ ಕೈಯಾರೆ ಮೇಯಿಸಿದ್ದು. ಈಗ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಇರುವ ಕಡೆ ಸುಮಾರಾಗಿ ಅದರ ಗೂಡಿತ್ತು. ದಿನಾ ಬೆಂದವಳು ನಾನು, ಹುಂಜ ಓಡಿಹೋದವಳಿಗೆ. ಮಸಾಲೆ ರುಬ್ಬುವಾಗ ಒರಳುಕಲ್ಲಿನ ಕೆಳಗೆ ಯಾರು ಯಾರು ಇದ್ದರು ಅಂತ ಇಲ್ಲಿ ಬರೆಯುವುದಿಲ್ಲ.

ಏಳು ಗಂಟೆಗೆ ಚಾಪೆ ಬಿತ್ತು. ನಮ್ಮ ಮಾವ ಫ್ಯಾಕ್ಟರಿಯಿಂದ ರಿಟೈರ್ ಆದವರು, ಬೈಬಲನ್ನು ಅಸೆಂಬ್ಲಿ ಲೈನಿನ ಹಾಗೆ ಮೊದಲಿನಿಂದ ಕೊನೆಗೆ ಓದುವವರು. ವಂಶಾವಳಿಯ ಒಬ್ಬ ತಾತನನ್ನೂ ಬಿಟ್ಟವರಲ್ಲ. ಆ ವಾರ ಯಾಜಕಕಾಂಡ ನಡೆಯುತ್ತಿತ್ತು, ಚರ್ಮರೋಗದ ಅಧ್ಯಾಯ. ಅವರು ಗುರುತಿನ ದಾರ ಹಿಡಿದು ಪುಸ್ತಕ ತೆರೆದರು, ಮಗಳನ್ನು ಒಂದು ಸಲ ನೋಡಿದರು, ದಾರ ಅಲ್ಲೇ ಬಿಟ್ಟು ದಪ್ಪ ಕಟ್ಟು ಹಾಳೆ ಒಟ್ಟಿಗೇ ಮಗುಚಿ ಲೂಕನ ಸುವಾರ್ತೆಗೆ ಬಂದರು. ಆಸ್ತಿ ಹಾಳುಮಾಡಿ ಮನೆಗೆ ಮರಳಿದ ಕಿರಿಮಗ, ಓಡಿಬಂದು ತಬ್ಬಿಕೊಂಡ ಅಪ್ಪ, ಕೊಯ್ದ ಕೊಬ್ಬಿದ ಕರು. ಒಂದು ಪುಟ ಹಾರಿಸದ ಮನುಷ್ಯ ಆವತ್ತು ಅರ್ಧ ಬೈಬಲ್ ಹಾರಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ.

ಅತ್ತೆ ಕಣ್ಣು ಮುಚ್ಚಿದರು. “ಕರ್ತನೇ, ನಿನ್ನ ಮಗಳು ಬಂದಿದ್ದಾಳೆ. ಸೊರಗಿದ್ದಾಳೆ. ಆ ಮನೇಲಿ ಒಂದು ಲೋಟ ಹಾಲು ಕೊಡ್ತಾರೋ ಇಲ್ಲವೋ, ನಿನಗೇ ಗೊತ್ತು.”

“ಕೊಡ್ತೀವಿ ಅತ್ತೆ,” ಅಂದ ಮುನಿರಾಜು. “ಎಲ್ಡು ಸೀಮೆಅಸ ಅವೆ.”

ನನ್ನ ಗಂಡನಿಗೂ ಎಚ್ಚರವಾಯಿತು. ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಅಲ್ಲೇ ಉತ್ತರ ಸಿಕ್ಕಿದ್ದು ಅದೇ ಮೊದಲು.

ಅತ್ತೆ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿದರು. “ಕರ್ತನೇ, ಹೆರಿಗೆಗೆ ಹೆಣ್ಣುಮಕ್ಕಳನ್ನು ತವರಿಗೆ ಕಳಿಸೋ ಬುದ್ಧಿ ಅಂಥವರಿಗೆ ಕೊಡು.”

“ಅದುಕ್ಕೇ ಬಂದಿರಾದು,” ಅಂದ ಅವನು, ಬೇಜಾರೇ ಮಾಡಿಕೊಳ್ಳದೆ. “ನಮ್ಮವ್ವ ನಾನೇ ನೋಡ್ಕತೀನಿ ಅಂತಾಳೆ, ಇವಳು ಅಮ್ಮ ಬೇಕು ಅಂತ ಅಳ್ತಾಳೆ. ನೀವು ದ್ಯಾವ್ರನ್ನ ಯಾಕ್ ಕೇಳ್ತೀರ ಅತ್ತೆ? ಇವಳ್ನೇ ಕೇಳಿ. ಇಲ್ಲೇ ಕುಂತವ್ಳೆ.”

ಕರುಣಾ ಅವನ ತೊಡೆ ಚಿವುಟಿದಳು. “ಸುಮ್ನಿರಿ, ಅದು ನಿಮಗೆ ಹೇಳಿದ್ದಲ್ಲ.”

“ಮತ್ಯಾರ್ಗೆ?” ಅಂದ.

ಅತ್ತೆ ಆಮೆನ್ ಅನ್ನದೆ ಕಣ್ಣು ಬಿಟ್ಟರು. ಮಗಳ ಮುಖ ನೋಡುವ ಧೈರ್ಯ ಆಗಲಿಲ್ಲವೇನೋ, ಪಾದದ ಹತ್ತಿರವೇ ನೋಟ ನಿಂತಿತು.

“ಕಾಲು ಯಾಕೇ ಹೀಗೆ ಊದಿದೆ?”

“ಬಸ್ಸಲ್ಲಿ ನಿಂತೇ ಬಂದ್ವಿ ಅಮ್ಮ.”

“ಯಾರೂ ಸೀಟು ಕೊಡಲಿಲ್ವಾ? ಮನುಷ್ಯರಾ ಅವರು?” ಅಂದರು ಅತ್ತೆ, ನೇರವಾಗಿ, ಜೋರಾಗಿ, ಎರಡು ವರ್ಷದ ಬೈಗುಳವನ್ನೆಲ್ಲ ಆ ಬಸ್ಸಿನ ಮೇಲೆ ಸುರಿದು. ಬೈಯುತ್ತಲೇ ಮಗಳ ಕಾಲನ್ನು ಮಡಿಲಿಗೆ ಎಳೆದುಕೊಂಡರು.

ನಾನು ಎದ್ದು ಅಡುಗೆಮನೆಗೆ ಹೋಗಿ ಲೂಕನ ಕಥೆಯ ದೊಡ್ಡ ಮಗನನ್ನು ನೆನೆಯುತ್ತಿದ್ದೆ. ಹೊಲದಿಂದ ಬಂದು, ಹಾಡು ಕುಣಿತ ಕೇಳಿ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲವಲ್ಲ ಅಂತ ಸಿಟ್ಟಿನಿಂದ ಅಂಗಳದಲ್ಲೇ ನಿಂತವನು. ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಬೈಬಲ್ ಹೇಳುವುದಿಲ್ಲ, ಕಥೆ ಅಲ್ಲಿಗೇ ನಿಂತುಬಿಡುತ್ತದೆ. ಎಷ್ಟೋ ಪ್ರಸಂಗ ಕೇಳಿದ್ದೇನೆ, ಎಲ್ಲರಿಗೂ ಕಿರಿಮಗನದೇ ಚಿಂತೆ. ಆ ರಾತ್ರಿ ಪಾತ್ರೆ ತೊಳೆದವರು ಯಾರು ಅಂತ ಒಬ್ಬ ಪಾಸ್ಟರೂ ಕೇಳಿಲ್ಲ. ನಾನಂತೂ ಒಳಗೆ ಹೋದೆ. ಹೋಗದೆ ಏನು, ಸಾರಿನ ಪಾತ್ರೆ ನನ್ನ ಕೈಯಲ್ಲೇ ಇತ್ತಲ್ಲ.

ಊಟಕ್ಕೆ ಕೂತಾಗ ಮುನಿರಾಜು, “ಅಲ್ಲ ಮಾವ, ಆ ದೊಡ್ಡ ಮಗ ಕೇಳಿದ್ರಾಗೆ ತಪ್ಪೇನೈತೆ? ದಿನಾ ಗೇಯ್ದೋನ್ಗೂ ಒಂದು ಆಡು ಕುಯ್ಬೋದಿತ್ತು,” ಅಂದ. ಹುಂಜದ ಲೆಗ್ ಪೀಸ್ ಅವನ ತಟ್ಟೆಗೆ ಹೋಯಿತು. ಇನ್ನೊಂದನ್ನು ಅತ್ತೆ, ಕಣ್ಣು ತೆರೆದುಕೊಂಡೇ, ನನ್ನ ತಟ್ಟೆಗೆ ಹಾಕಿದರು. ಅದಕ್ಕೆ ಉಪ್ಪು ಸರಿಯಾಗಿತ್ತು, ನಾನೇ ಹೇಳಬೇಕು.

ಇದನ್ನೆಲ್ಲ ನೆನೆದುಕೊಂಡು ಸಂಜೆ ಡೈನಿಂಗ್ ಟೇಬಲ್ಲಿಗೆ ಬಂದರೆ ಶೀಬಾ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ನನಗೋ ಹಳೇ ಚಾಳಿ. ಎದುರು ಕೂತು ಕಣ್ಣು ಮುಚ್ಚಿ, “ಕರ್ತನೇ, ಮೈಕ್ರೋವೇವ್ ಇಲ್ಲದ ಕಾಲದಲ್ಲಿ ಹುಟ್ಟಿದವರನ್ನು...” ಅಂತ ಶುರುಮಾಡಿದೆ. ಅರ್ಧಕ್ಕೆ ಆ ರಾಗಿ ಹೊಲದವನ ದನಿ ಕೇಳಿಸಿದಂತಾಯಿತು: ಮತ್ಯಾರ್ಗೆ?

ಕಣ್ಣು ಬಿಟ್ಟೆ. “ಶೀಬಾ, ಬೆಳಿಗ್ಗೆ ಬರೆದದ್ದನ್ನ ಒಂದು ಸಲ ಬಾಯಲ್ಲಿ ಹೇಳಮ್ಮ. ಇಲ್ಲೇ ಕೂತಿದ್ದೀನಿ.”

ಅವಳು ಹೇಳಿದಳು. ಸಾಕಷ್ಟು ಉದ್ದಕ್ಕೇ ಹೇಳಿದಳು. ಮೈಕ್ರೋವೇವ್ ಜೊತೆ ಹಳೇ ಬಾಕಿಗಳೂ ಒಂದೆರಡು ಬಂದವು. ನಡುವೆ ಲ್ಯಾಪ್‌ಟಾಪ್ ಮುಚ್ಚಿದಳು. “ನಿಮಗೇನಾದ್ರೂ ಆಗಿದ್ರೆ ಅಮ್ಮ? ನಾನು ಮೀಟಿಂಗಲ್ಲಿದ್ದೆ, ಹೆಡ್‌ಫೋನ್ ಹಾಕಿದ್ದೆ, ಕೂಗಿದ್ರೂ ಕೇಳ್ತಿರ್ಲಿಲ್ಲ.”

ಇದೊಂದು ಮಾತು ಮೆಸೇಜಿನಲ್ಲಿ ಇರಲಿಲ್ಲ. ನಾನು ಆಮೆನ್ ಅನ್ನಲಿಲ್ಲ. ಟೇಬಲ್ ಮೇಲಿದ್ದ ಅದೇ ಸ್ಟೀಲ್ ಲೋಟವನ್ನು ಅವಳ ಕಡೆಗೆ ತಳ್ಳಿದೆ. ಅವಳು ಮೂಗು ಒರೆಸಿಕೊಂಡು, ಗ್ಯಾಸ್ ಹಚ್ಚಿ, ಹಾಲು ಇಟ್ಟಳು.