ಗಡಿಯಾರದ ಚಾವಿ ಹೊರಗಿತ್ತು

ಕಬಡ್ಡಿ ಫೈನಲ್. ಆಟ ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ. ಒಂದೇ ಉಸಿರಿನಲ್ಲಿ ಐವತ್ತು ಸೆಕೆಂಡು ಕಬಡ್ಡಿ ಅನ್ನಬಲ್ಲ ಹುಡುಗಿ, ತನ್ನ ತಂಡ ಒಂದು ಪಾಯಿಂಟು ಮುಂದಿರುವಾಗ, ನಡುಗೆರೆಯ ಹತ್ತಿರ ಅಡ್ಡಾಡಿ ಹೊತ್ತು ಕಳೆಯುವುದು ಬಿಟ್ಟು ಎದುರಾಳಿಗಳ ಅಂಗಳದ ನಟ್ಟನಡುವೆ ಯಾಕೆ ನುಗ್ಗಿದಳು? ಈ ಪ್ರಶ್ನೆ ನನ್ನನ್ನು ಹನ್ನೆರಡು ವರ್ಷ ಕಾಡಿತು. ನಾನು ಗಣಿತ ಕಲಿಸುವವಳು. ಬಿಡಿಸಲಾಗದ ಲೆಕ್ಕ ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಎಷ್ಟು ಮಕ್ಕಳ ಮೇಲೆ ತೀರಿಸಿಕೊಂಡೆನೋ, ಪಾಪ, ಅವರಿಗೇ ಗೊತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಫಜಲಪುರದ ಹೈಸ್ಕೂಲೊಂದರಲ್ಲಿದ್ದೆ. ಆ ವರ್ಷ ಸುತ್ತಲಿನ ತಾಲೂಕುಗಳ ಹುಡುಗಿಯರ ಕಬಡ್ಡಿ ಪಂದ್ಯ ನಮ್ಮ ಶಾಲೆಯ ಬಯಲಿನಲ್ಲೇ ನಡೆಯಿತು. ನಮ್ಮ ಹುಡುಗಿಯರು ಮೊದಲ ದಿನವೇ ಸೋತು, ಮರುದಿನದಿಂದ ನೀರು ಕೊಡುವ ಕೆಲಸಕ್ಕೆ ನಿಂತರು. ಫೈನಲ್ ಬಂದದ್ದು ಆಳಂದಕ್ಕೂ ಜೇವರ್ಗಿಗೂ. ಎರಡೂ ಕಡೆಯ ಮಾಸ್ತರರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಟೈಮು ಮಾತ್ರ ಅಫಜಲಪುರದವರೇ ನೋಡಬೇಕು ಎಂದು ಇಬ್ಬರೂ ಪಟ್ಟು ಹಿಡಿದರು.

ಶಾಲೆಗೆ ಒಂದು ಸ್ಟಾಪ್‌ವಾಚ್ ಇತ್ತು. ಅದು ಕಪಾಟಿನಲ್ಲಿ ಸತ್ತು ಎಷ್ಟೋ ವರ್ಷವಾಗಿತ್ತು. ಹೆಡ್‌ಮಾಸ್ತರರು ಸ್ಟಾಫ್ ರೂಮಿಗೆ ಬಂದು ಎಲ್ಲರ ಮುಂಗೈ ನೋಡಿದರು. ನಮ್ಮ ಕಡೆ ಬಸ್ಸು ತಪ್ಪಬಾರದೆಂದು ಎಲ್ಲರೂ ಗಡಿಯಾರವನ್ನು ಮುಂದೆ ಇಟ್ಟುಕೊಳ್ಳುವವರೇ, ಒಬ್ಬರದು ಐದು ನಿಮಿಷ, ಒಬ್ಬರದು ಹತ್ತು, ಹಿಂದಿ ಮಾಸ್ತರರದು ಪೂರಾ ಇಪ್ಪತ್ತು. ನಾನೊಬ್ಬಳು ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಸರಿಯಾಗಿ ಮುಳ್ಳು ಕೂಡಿಸುತ್ತಿದ್ದೆ. ಆ ಜಂಬ ನನಗೆ ಬಹಳ ಇತ್ತು.

"ಅಕ್ಕೋರ, ನಿಮ್ಮದೊಂದ ಬರೋಬ್ಬರಿ ಅದ. ನೀವ ಕೂಡ್ರಿ," ಎಂದರು ಹೆಡ್‌ಮಾಸ್ತರರು.

ಕಬಡ್ಡಿಯ ಟೈಮು ನೋಡುವುದು ಸುಮ್ಮನೆ ಮಾತಲ್ಲ. ಹದಿನೈದು ನಿಮಿಷದ ಎರಡು ಸುತ್ತು. ಒಂದೊಂದು ಸುತ್ತಿಗೆ ಒಂದೊಂದು ತಂಡ ಎರಡು ಸಲ ಟೈಮ್‌ಔಟ್ ಕೇಳಬಹುದು. ಆ ಅರ್ಧ ನಿಮಿಷ ಆಟದ ಲೆಕ್ಕಕ್ಕೆ ಸೇರಕೂಡದು. ಸ್ಟಾಪ್‌ವಾಚ್ ಇಲ್ಲದೆ ಇದನ್ನು ಹೇಗೆ ನಿಭಾಯಿಸುವುದು? ನಾನೇ ಒಂದು ಉಪಾಯ ಹುಡುಕಿದೆ. ನನ್ನ ಗಡಿಯಾರದ ಪಕ್ಕದ ಪುಟ್ಟ ಚಾವಿಯನ್ನು ಉಗುರಿನಿಂದ ಹೊರಗೆಳೆದರೆ ಸೆಕೆಂಡ್ ಮುಳ್ಳು ನಿಂತಲ್ಲೇ ನಿಲ್ಲುತ್ತಿತ್ತು. ಎಲ್ಲ ಗಡಿಯಾರದಲ್ಲಿ ಹೀಗಾಗುವುದಿಲ್ಲ, ನನ್ನದರಲ್ಲಿ ಆಗುತ್ತಿತ್ತು. ಆಟ ಶುರುವಾಗುವಾಗ ಮುಳ್ಳುಗಳನ್ನು ಹನ್ನೆರಡಕ್ಕೆ ಇಡುವುದು, ಟೈಮ್‌ಔಟಿಗೆ ಚಾವಿ ಎಳೆಯುವುದು, ಸೀಟಿ ಊದಿದ ಕೂಡಲೇ ಒತ್ತುವುದು. ಎರಡು ದಿನ ಹೀಗೇ ನಡೆಸಿದೆ, ಒಬ್ಬರೂ ತಕರಾರು ಮಾಡಲಿಲ್ಲ.

ಫೈನಲ್ಲಿನ ದಿನ ಬೆಳಿಗ್ಗೆ ನಳದ ಹತ್ತಿರ ಜೇವರ್ಗಿಯ ನಾಯಕಿ ಸಿಕ್ಕಳು. ಇಜೇರಿ ಎಂಬ ಹಳ್ಳಿಯ ಹುಡುಗಿ, ಒಕ್ಕಲುತನದ ಮನೆಯವಳು, ಕಡ್ಡಿಯಂಥ ಮೈ. ನನ್ನ ಗಡಿಯಾರದ ಮೇಲೇ ಅವಳ ಕಣ್ಣು.

"ಅಕ್ಕೋರ, ಅದನ್ನ ನೀವು ಜಗ್ಗಿದ್ರ ಏನಾಗ್ತದ್ರಿ?"

ನಾನು ಹಿಗ್ಗಿ ಹೋದೆ. ತರಗತಿಯಲ್ಲಿ ಇಷ್ಟು ಆಸೆಯಿಂದ ಯಾರು ಕೇಳುತ್ತಾರೆ? ಗಡಿಯಾರ ಬಿಚ್ಚಿ ಅವಳ ಅಂಗೈಗೇ ಇಟ್ಟು ತೋರಿಸಿದೆ. "ನೋಡು ಬೇ, ಚಾವಿ ಹೊರಗ ಇದ್ರ ಟೈಮ್ ನಿಂತದ ಅಂತ ಅರ್ಥ. ಆಗ ಎಷ್ಟು ಹೊತ್ತು ಹೋದ್ರೂ ಲೆಕ್ಕಕ್ಕಿಲ್ಲ. ಒಳಗ ಒತ್ತಿದ್ರ ಓಡಾಕತ್ತದ ಅಂತ."

ಅವಳು ಎರಡು ಸಲ ಎಳೆದು, ಎರಡು ಸಲ ಒತ್ತಿ ನೋಡಿದಳು. ಆಮೇಲೆ ತನ್ನ ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ ನೋಡಿರಿ ಅಂದಳು. ನೋಡಿದೆ. ಐವತ್ತೊಂದು ಸೆಕೆಂಡು! ಆಗಿನ ಆಟದಲ್ಲಿ ಉಸಿರಿರುವ ತನಕ ದಾಳಿ ನಡೆಸಬಹುದಿತ್ತು, ಅಂಪೈರ್ ನಡುವೆ ತಡೆಯುತ್ತಿರಲಿಲ್ಲ.

"ಕಡೀಕ್ ನಾವು ಮುಂದಿದ್ರ ಸಾಕ್ರಿ ಅಕ್ಕೋರ. ಗೆರಿ ಹತ್ರನ ನಿಂತು ಒಂದ ಉಸುರಿನ್ಯಾಗ ಟೈಮ್ ತಿಂದ ಬಿಡ್ತೇನಿ," ಅಂದಳು. ಆಮೇಲೆ ದನಿ ಸಣ್ಣದು ಮಾಡಿ ಮನೆಯ ಮಾತು ಹೇಳಿದಳು. ಗೆದ್ದ ತಂಡ ಜಿಲ್ಲೆಯ ಪಂದ್ಯಕ್ಕೆ ಗುಲ್ಬರ್ಗಾಕ್ಕೆ ಹೋಗುತ್ತದೆ. ಅಲ್ಲಿ ಆಡಿದರೆ ಸರ್ಟಿಫಿಕೇಟ್, ಸರ್ಟಿಫಿಕೇಟ್ ಇದ್ದರೆ ಆಟದ ಟೀಚರ್ ಆಗುವ ತರಬೇತಿಗೆ ಸೀಟು. ಅವಳಪ್ಪ ಮಾತು ಕೊಟ್ಟಿದ್ದ: ಸರ್ಟಿಫಿಕೇಟ್ ತಂದರೆ ಓದಿಸುವುದು, ಇಲ್ಲವಾದರೆ ಬೇಸಿಗೆಗೆ ಮದುವೆ. ಗಂಡು ಗೊತ್ತಾಗಿಯೇ ಇತ್ತು, ಆಳಂದದ ಕಡೆ, ಕಿಣ್ಣಿ ಸುಲ್ತಾನ ಎಂಬ ಊರಿನ ಮನೆತನ.

"ಅಪ್ಪ ಕೆಟ್ಟಂವ ಅಲ್ರಿ," ಎಂದು ಅವಳೇ ಸೇರಿಸಿದಳು. "ಇವತ್ತ ಮುಂಜಾನಿ ಬಸ್ಸಿಗೇ ಬಂದಾನ. ನಾ ಗೆಲ್ಲಲಿ ಅಂತನ ಅವಗೂ ಅದ."

ಆಟ ಶುರುವಾದದ್ದು ಸಂಜೆ ನಾಲ್ಕಕ್ಕೆ. ನನ್ನ ಮೇಜು ನಡುಗೆರೆಯ ತುದಿಗೆ ಹತ್ತಿಕೊಂಡೇ ಇತ್ತು. ಕರವಸ್ತ್ರ ಹಾಸಿ ಅದರ ಮೇಲೆ ಗಡಿಯಾರ ಇಟ್ಟಿದ್ದೆ. ದಾಳಿಗೆ ಹೊರಡುವವರು ಒಂದೆರಡು ಹೆಜ್ಜೆ ದೂರದಲ್ಲೇ ನಿಂತಿರುತ್ತಿದ್ದರು. ಅವಳಪ್ಪ ಎದುರಿನ ಬೇವಿನ ಗಿಡದ ಕೆಳಗೆ ಕೂತು, ಮಗಳು ಹೊರಟಾಗಲೆಲ್ಲ ಎದ್ದು ನಿಲ್ಲುತ್ತಿದ್ದ.

ಎರಡನೆಯ ಸುತ್ತಿನಲ್ಲಿ ಜೇವರ್ಗಿಯ ಮಾಸ್ತರರು ತಮ್ಮ ಎರಡೂ ಟೈಮ್‌ಔಟುಗಳನ್ನು ಬೇಗ ಕಳೆದುಬಿಟ್ಟರು. ಒಂದು ಸಲ ಯಾವಳದೋ ಜಡೆ ಬಿಚ್ಚಿತೆಂದು, ಇನ್ನೊಂದು ಸಲ ಬೈಯುವುದಕ್ಕೆಂದು. ಆಳಂದದ ಮಾಸ್ತರರು ಮಾತ್ರ ಪಕ್ಕಾ ಆಸಾಮಿ, ಒಂದನ್ನು ಕಡೆಯ ತನಕ ಉಳಿಸಿಕೊಂಡರು. ಜೇವರ್ಗಿ ಒಂದು ಪಾಯಿಂಟು ಮುಂದೆ, ಉಳಿದದ್ದು ಒಂದು ನಿಮಿಷ ಐದು ಸೆಕೆಂಡು, ಆಗ ಅವರು ಕೈಯೆತ್ತಿದರು. ನಾನು ಚಾವಿ ಎಳೆದೆ.

ಅದೇ ಹೊತ್ತಿಗೆ ಜವಾನ ಚಹಾ ತಂದ. ಶಾಲೆಯ ಅಧ್ಯಕ್ಷರು ಕಳಿಸಿದ್ದು, ಎಲ್ಲರಿಗಿಂತ ಮೊದಲು ನನಗೆ.

"ಆಮ್ಯಾಲ ಕುಡಿತೇನಿ, ಅಲ್ಲಿಡು," ಅಂದೆ.

"ಸಾಹೇಬ್ರು ನೋಡಾಕತ್ಯಾರ್ರಿ ಅಕ್ಕೋರ. ತಗೊಳ್ರಿ, ಆರಿ ಹೋಗ್ತದ," ಎಂದು ಅವನು ಕದಲಲೇ ಇಲ್ಲ. ಹಿರಿಯರು ಕಳಿಸಿದ ಚಹಾ ಹಾಗೇ ಇಟ್ಟರೆ ನಮ್ಮಲ್ಲಿ ಅದು ಮುಖಕ್ಕೆ ಹೊಡೆದ ಹಾಗೆ. ಚಹಾ ಅಂದರೆ ಕಪ್ಪು-ಬಸಿ, ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯುವುದು. ಬಲಗೈಯಲ್ಲಿ ಬಸಿ, ಎಡಗೈಯಲ್ಲಿ ಕಪ್ಪು. ಅಂಪೈರ್ ಸೀಟಿ ಊದಿದಾಗ ನನ್ನ ಎರಡೂ ಕೈ ತುಂಬಿದ್ದವು. ಜಲ್ದಿ ಜಲ್ದಿ ಹೀರಿ ನಾಲಿಗೆ ಸುಟ್ಟುಕೊಂಡೆ, ಕಪ್ಪು-ಬಸಿ ಕೆಳಗಿಟ್ಟೆ. ಅಷ್ಟರಲ್ಲಿ ಆಳಂದದ ಹುಡುಗಿ ದಾಳಿಗೆ ಬಂದಾಗಿತ್ತು. ನನ್ನ ಕಣ್ಣು ಅವಳ ಬೆನ್ನು ಹತ್ತಿತು.

ಅವಳು ಯಾರನ್ನೂ ಮುಟ್ಟದೆ ಬರಿಗೈಲಿ ತಿರುಗಿದಳು. ಈಗ ಇಜೇರಿಯ ಹುಡುಗಿಯ ಸರದಿ. ಗೆರೆಯ ಮೇಲೆ ನಿಂತು ಅವಳು ನನ್ನ ಮೇಜಿನ ಕಡೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಮುಗುಳ್ನಕ್ಕೆ ಅಂತ ಕಾಣುತ್ತದೆ. ತಿನ್ನು ಬೇ ಈಗ ಟೈಮು, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಟೈಮು ನೋಡಲು ಕೂತವಳು ಹಾಗೆ ಒಬ್ಬರ ಪರ ಆಗಬಾರದಿತ್ತು, ಆದರೆ ಆಗಿದ್ದೆ.

"ಗೆರಿ ಬಿಡಬ್ಯಾಡ ಯವ್ವಾ!" ಬೇವಿನ ಗಿಡದ ಕೆಳಗಿಂದ ಅಪ್ಪ ಕೂಗಿದ.

ಅವಳು ಗೆರೆ ಬಿಟ್ಟಳು. ನೇರ ಒಳಗೆ ಹೋದಳು, ಮೂಲೆಯವಳ ಮೇಲೆ ಕೈ ಚಾಚಿದಳು. ಐದು ಮಂದಿ ಒಟ್ಟಿಗೆ ಬಿದ್ದು ಅವಳನ್ನು ಹಿಡಿದರು. ಪಾಯಿಂಟು ಸಮ ಆಯಿತು, ಅವಳು ಔಟಾಗಿ ಹೊರಗೆ ಕೂತಳು. ಆಮೇಲೆ ಆಳಂದದ ಹುಡುಗಿ ಬಂದು ಒಬ್ಬಳನ್ನು ಮುಟ್ಟಿ ಹೋದಳು. ಬಯಲೆಲ್ಲ ಗದ್ದಲ. ಟೈಮು ಇನ್ನೂ ಯಾಕೆ ಮುಗಿದಿಲ್ಲ ಎಂದು ನಾನು ಗಡಿಯಾರ ನೋಡಿದೆ.

ಮುಳ್ಳು ನಿಂತಿತ್ತು.

ಚಾವಿ ಹೊರಗೇ ಇತ್ತು. ಮೂರು ದಾಳಿ ನಡೆದು ಹೋಗಿದ್ದವು. ಅದೆಷ್ಟು ಹೊತ್ತು? ನಲವತ್ತು ಸೆಕೆಂಡೋ, ಎಪ್ಪತ್ತೋ? ಎದ್ದು ನಿಂತು ಅಂಪೈರಿಗೆ ಹೇಳಲೇ? ಹೇಳಿದರೆ ಎಲ್ಲಿಂದ ಎಣಿಸುವುದು? ಆ ಪಾಯಿಂಟುಗಳು ಲೆಕ್ಕಕ್ಕೆ ಬರುತ್ತವೋ ಇಲ್ಲವೋ? ಇಷ್ಟೆಲ್ಲ ತಲೆಯಲ್ಲಿ ಓಡುತ್ತಿರುವಾಗಲೇ ನನ್ನ ಹೆಬ್ಬೆರಳು ತಾನೇ ಹೋಗಿ ಚಾವಿ ಒತ್ತಿಬಿಟ್ಟಿತ್ತು. ಹೀಗೆ ಆಟಕ್ಕೆ ಮತ್ತೆ ಪೂರಾ ಒಂದು ನಿಮಿಷ ಐದು ಸೆಕೆಂಡು ಸಿಕ್ಕಿತು. ಅದರಲ್ಲಿ ಆಳಂದ ಇನ್ನೊಂದು ಪಾಯಿಂಟು ತೆಗೆದುಕೊಂಡು ಎರಡರಿಂದ ಗೆದ್ದಿತು.

ಜೇವರ್ಗಿಯ ಮಾಸ್ತರರು ಮೇಜಿನ ಮೇಲೇ ಬಂದರು. ಟೈಮು ಯಾವಾಗಲೋ ಮುಗಿದಿದೆ ಎಂದು ತಮ್ಮ ಗಡಿಯಾರ ಮುಂದೆ ಹಿಡಿದರು. ಆಳಂದದವರು ತಮ್ಮದು ಹಿಡಿದರು. ನೋಡಲು ಬಂದವರೂ ಹಿಡಿದರು. ಎಂಟು ಹತ್ತು ಗಡಿಯಾರ, ಒಂದಕ್ಕೊಂದು ತಾಳೆಯಿಲ್ಲ, ಎಲ್ಲವೂ ಬಸ್ಸಿಗೆಂದು ಮುಂದೆ ಇಟ್ಟವು. ಅಂಪೈರ್ ಬೇಸತ್ತು ನನ್ನ ಕಡೆ ತಿರುಗಿದರು.

"ಅಕ್ಕೋರ, ನೀವು ಹೇಳ್ರಿ. ನಿಮ್ಮ ಗಡಿಯಾರದಾಗ ಟೈಮ್ ಇತ್ತೋ ಇಲ್ಲೋ?"

"ಇತ್ತರಿ," ಎಂದೆ.

ಅದು ಸುಳ್ಳಲ್ಲ. ಅದರಷ್ಟು ದೊಡ್ಡ ಸುಳ್ಳನ್ನೂ ನಾನು ಜೀವನದಲ್ಲಿ ಇನ್ನೊಂದು ಹೇಳಿಲ್ಲ. ರೇಡಿಯೋ ವಾರ್ತೆಗೆ ಮುಳ್ಳು ಕೂಡಿಸುವ ಅಕ್ಕೋರ ಮಾತು ಅಂದಮೇಲೆ ಎಲ್ಲರೂ ಸುಮ್ಮನಾದರು.

ಮಾಸ್ತರರ ಸಿಟ್ಟು ಹುಡುಗಿಯ ಮೇಲೆ ತಿರುಗಿತು. "ಗೆರಿ ಮ್ಯಾಲ ನಿಂದ್ರು ಅಂದ್ರ ಒಳಗ ಯಾಕ ಹೋದಿ ಬೇ? ಬುದ್ಧಿ ಎಲ್ಲಿಟ್ಟಿದ್ದಿ?" ಅವಳು ನನ್ನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದಳು. ಅಪ್ಪ ಬೈಯಲಿಲ್ಲ. ಹತ್ತಿರ ಬಂದು ಅವಳ ಬೆನ್ನಿಗಂಟಿದ ಮಣ್ಣು ಒರೆಸುತ್ತಾ, "ಯಾಕ ಹೋದೆವ್ವಾ ಒಳಗ?" ಎಂದಷ್ಟೇ ಕೇಳಿದ.

ನನ್ನ ತಪ್ಪು ನನಗೆ ಗೊತ್ತಿತ್ತು. ಆದರೆ ಅವಳ ತಪ್ಪು ಮಾತ್ರ ಅರ್ಥವಾಗಲಿಲ್ಲ. ದುಡುಕೇ? ಭಯವೇ? ಹೊಗಳಿಸಿಕೊಳ್ಳುವ ಆಸೆಯೇ? ನಿಜ ಹೇಳಬೇಕೆಂದರೆ ಆ ಒಗಟು ನನಗೆ ಅನುಕೂಲವೂ ಆಗಿತ್ತು. ನಾನು ಚಾವಿ ಒತ್ತಿದ್ದರೂ ಅವಳು ಒಳಗೆ ಹೋಗಿ ಸೋಲುತ್ತಿದ್ದಳಲ್ಲ, ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡೆ.

ತೊಂಬತ್ತರ ದಶಕದಲ್ಲಿ ನನಗೆ ಆಳಂದಕ್ಕೆ ವರ್ಗವಾಯಿತು. ಒಂದು ಜೂನಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುತ್ತಿದ್ದೆವು. ಒಬ್ಬ ಹೆಂಗಸು ಮಗಳ ಕೈ ಹಿಡಿದು ಮೇಜಿನ ಮುಂದೆ ನಿಂತಳು. ಊರು ಕೇಳಿದೆ, ಕಿಣ್ಣಿ ಸುಲ್ತಾನ ಅಂದಳು. ಅವಳ ಕಣ್ಣು ನನ್ನ ಮುಂಗೈ ಮೇಲಿತ್ತು.

"ಅದ ಗಡಿಯಾರ ಅಲ್ರಿ ಅಕ್ಕೋರ?"

ಆಗ ಗುರುತು ಹತ್ತಿತು. ಮೈ ತುಂಬಿಕೊಂಡಿದ್ದಳು, ಕಣ್ಣು ಮಾತ್ರ ಅವೇ. ಬಾಯಿ ತಡೆಯದೆ ಕೇಳಿಯೇಬಿಟ್ಟೆ. "ಆವತ್ತ ನೀ ಯಾಕ ಒಳಗ ಹೋದಿ ಬೇ?"

ಅವಳು ಆಶ್ಚರ್ಯದಿಂದ ನನ್ನನ್ನೇ ನೋಡಿದಳು. "ಚಾವಿ ಹೊರಗಿತ್ತಲ್ರಿ! ನೀವ ಹೇಳಿಕೊಟ್ಟಿದ್ರಿ, ಚಾವಿ ಹೊರಗಿದ್ರ ಟೈಮ್ ಓಡೂದಿಲ್ಲ ಅಂತ. ಟೈಮ್ ಓಡದಿದ್ರ ಗೆರಿ ಮ್ಯಾಲ ನಿಂತು ಉಸುರು ಖರ್ಚ ಮಾಡಿ ಏನ್ ಬಂತ್ರಿ? ಒಬ್ಬಾಕಿನ್ನರ ಮುಟ್ಟಿ ಬರೂಣು ಅಂತ ಹೋದೆ."

ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. "ಮಾಸ್ತರು ಕೇಳಿದಾಗ ಯಾಕ ಹೇಳಲಿಲ್ಲ?"

"ಏನಂತ ಹೇಳೂದ್ರಿ? ಅಕ್ಕೋರು ಬೇಕಂತನ ನಿಲ್ಲಿಸ್ಯಾರ, ಫೈನಲ್‌ದಾಗ ಹಂಗೇನೋ ರೂಲ್ ಇರಬೇಕು ಅಂದ್ಕೊಂಡೆ. ರೂಲ್ ಇತ್ತಲ್ರಿ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅವಳ ಮಗಳು ನನ್ನ ಮೇಜಿನ ಅಂಚು ಹಿಡಿದು ಇಬ್ಬರ ಮುಖವನ್ನೂ ನೋಡುತ್ತಿದ್ದಳು.

"ಇಲ್ಲ ಬೇ," ಎಂದೆ. "ಚಹಾ ಕುಡಿಯೂದ್ರಾಗ ಒತ್ತೂದು ಮರತೆ. ಗೊತ್ತಾದ ಮ್ಯಾಲೂ ಬಾಯಿ ಬಿಡಲಿಲ್ಲ."

ಅವಳು ಮೆಲ್ಲಗೆ ಕೇಳಿದಳು. "ಒತ್ತಿದ್ರ ನನ್ನ ಒಂದ ಉಸುರಿಗೆ ಮುಗೀತಿತ್ತೇನ್ರಿ?"

ಒಂದು ನಿಮಿಷ ಐದು ಸೆಕೆಂಡಿನಲ್ಲಿ ಆಳಂದದವಳ ಆ ಖಾಲಿ ದಾಳಿ ಏನಿಲ್ಲವೆಂದರೂ ಇಪ್ಪತ್ತು ಸೆಕೆಂಡು ತಿಂದಿರುತ್ತಿತ್ತು. ಉಳಿದದ್ದು ನಲವತ್ತೈದು. ಇವಳ ಉಸಿರು ಐವತ್ತೊಂದು, ನಾನೇ ಎಣಿಸಿದ್ದು.

"ಮುಗೀತಿತ್ತು," ಎಂದೆ.

"ಹಂಗಾರ ನಂದು ತಪ್ಪಿರಲಿಲ್ಲ," ಅಂದಳು ಅವಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಹ್ವಾದ ವರ್ಷ ನಮ್ಮಪ್ಪ ತೀರಿಕೊಂಡ್ರಿ. ಹಾಸಿಗಿ ಹಿಡದ ಮ್ಯಾಲೂ ಕೇಳ್ತಿದ್ದ, ಯಾಕ ಹೋದೆವ್ವಾ ಒಳಗ, ಅಂತ."