ಆಫ್ರಿಕಾ ಮತ್ತು ಜಗಲಿ

ಕಾರ್ಮಿಕರ ಪರವಾಗಿ ಮಾತಾಡಲು ಮುಂಬಯಿಯ ದಾದರಿನ ಕಾಲೇಜೊಂದಕ್ಕೆ ಹೋಗಿದ್ದೆ. ನನಗಿಂತ ಮೊದಲು ಪ್ರಿನ್ಸಿಪಾಲರು ಆಫ್ರಿಕಾದ ಕರಿಯರ ಪಾಡು ಹೇಳಿ ಕಣ್ಣೊರೆಸಿಕೊಂಡರು.

ಬಿಜಾಪುರ ಕಡೆಯ ಹೊಲಗೇರಿಯಿಂದ ಬಂದಿದ್ದ ವಿದ್ಯಾರ್ಥಿ ಸಿದ್ದಪ್ಪ ಎದ್ದು ನಿಂತ. "ಸರ್, ನಮ್ಮ ಜಾತಿಭೇದದ್ದೂ ಒಂದು ಪಾಠ ಹೇಳ್ರಿ."

"ಅಸ್ಪೃಶ್ಯತೆ ಕಾನೂನಿನಲ್ಲೇ ಇಲ್ಲವಲ್ಲಪ್ಪಾ. ಇಲ್ಲದ್ದನ್ನು ಏನಂತ ಕಲಿಸಲಿ?" ಎಂದರು ಪ್ರಿನ್ಸಿಪಾಲರು. ಸಭೆಯೆಲ್ಲ ನಕ್ಕಿತು.

ಆಮೇಲೆ ಹಾಸ್ಟೆಲಿನಲ್ಲಿ ಊಟ. ಸಿದ್ದಪ್ಪನಿಗೆ ಮಾತ್ರ ಹೊರಗೆ ಜಗಲಿಯಲ್ಲಿ ಬಡಿಸಿದರು. ನನಗೆ ಮೈ ಉರಿಯಿತು, ಹೋಗಿ ಅವನ ಪಕ್ಕದಲ್ಲೇ ಕೂತೆ.

"ಒಳಗ ಹೋಗ್ರಿ ಅಣ್ಣಾ," ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ನೀವು ಭಾಷಣ ಮುಗಿಸಿ ಹೋಗ್ತೀರಿ. ನಾಳೆ ನನಗ ಇಲ್ಲೂ ಊಟ ಹಾಕಂಗಿಲ್ಲ."

ಎದ್ದು ಒಳಗೆ ಹೋದೆ. ಪ್ರಿನ್ಸಿಪಾಲರು ನನಗೆ ಇನ್ನಷ್ಟು ತುಪ್ಪ ಹಾಕಿಸಿ, ಮತ್ತೆ ಆಫ್ರಿಕಾದ ಮಾತೆತ್ತಿದರು. ಕೂತಲ್ಲಿಂದ ಅವರಿಗೆ ಆಫ್ರಿಕಾ ಕಾಣುತ್ತಿತ್ತು, ಜಗಲಿ ಕಾಣುತ್ತಿರಲಿಲ್ಲ.