ವೀರಬಸಮ್ಮ ಕೇಳಿದ ಮಣ್ಣು

ಗಂಡ ತೀರಿಕೊಂಡಾಗಿನಿಂದ ಅಮೆರಿಕದ ಜರ್ಸಿ ರಾಜ್ಯದ ಈಸ್ಟ್ ಬ್ರನ್ಸ್‌ವಿಕ್‌ನ ವೀರಬಸಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಲಿಂಗಸುಗೂರಿನಿಂದ ಬಂದು, ಹಿಮದಲ್ಲೂ ಡ್ರೈವ್ ಮಾಡಿಕೊಂಡು ಆಸ್ಪತ್ರೆಯ ಲ್ಯಾಬಿಗೆ ಹೋಗಿ ದುಡಿದ ಗಟ್ಟಿ ಹೆಂಗಸು. ಈಗ ನೋಡಿದರೆ ಒಲೆ ಮೇಲೆ ಹಾಲಿಟ್ಟು ಗ್ಯಾರೇಜಿಗೆ ಹೋಗುವಳು, ಅಲ್ಲಿಂದ ಕ್ಲಾಸೆಟ್ ಮುಂದೆ ಬಂದು ನಿಲ್ಲುವಳು. ಅದರೊಳಗೆ, ಚಳಿಗಾಲದ ಕೋಟುಗಳ ಹಿಂದೆ, ಗಂಡ ಸಿದ್ದಲಿಂಗಯ್ಯನ ಬೂದಿಯ ಪೆಟ್ಟಿಗೆ ಇತ್ತು.

ಜಂಗಮರ ಮನೆಯವನನ್ನು ಸುಡುವುದುಂಟೇ? ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂಡಿಸಿ ಮಣ್ಣು ಮಾಡಬೇಕು. ಆದರೆ ಅವತ್ತು ನೆಲವೆಲ್ಲ ಹಿಮ. ಮಗಳು ರಕ್ಷಾಳನ್ನು ಜರ್ಸಿ ಸಿಟಿಯ ಆಫೀಸು ಸಾಫ್ಟ್‌ವೇರ್ ಕೆಲಸದ ಮೇಲೆ ಲಂಡನ್ನಿಗೆ ಕಳಿಸಿತ್ತು. ಕನ್ನಡ ಕೂಟದ ಶ್ರೀನಿ ಓಡಿ ಬಂದ. ಬೆಂಗಳೂರಿನ ಹುಡುಗ, ಮನಸ್ಸು ಒಳ್ಳೆಯದೇ, ಆದರೆ ಹಿಂದೂಗಳೆಂದರೆ ಸುಡುವವರೇ ಅಂತ ಅವನ ತಿಳಿವಳಿಕೆ. "ಆಂಟಿ, ಎಲ್ಲಾ ಅರೇಂಜ್ ಮಾಡಿದೀನಿ, ನೀವು ಹೂಂ ಅನ್ನಿ ಸಾಕು" ಎಂದ. ದುಃಖದ ಮಂಪರಿನಲ್ಲಿ ಈಕೆ ಹೂಂ ಅಂದಳು. ಚಿತಾಗಾರದಲ್ಲಿ ಬಟನ್ ಒತ್ತಿದ ಮೇಲೆ ತಾನೇನು ಮಾಡಿದೆನೆಂದು ಅರಿವಾಯಿತು. ಮಗಳು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮೆರಿಕದಲ್ಲೇ ಹುಟ್ಟಿದ ಅವಳಿಗೆ ಈ ಪದ್ಧತಿಯೆಲ್ಲ ಏನು ಗೊತ್ತು? ವೀರಬಸಮ್ಮ ಹೇಳಲೂ ಇಲ್ಲ, ಹೊಟ್ಟೆಯಲ್ಲೇ ಇಟ್ಟುಕೊಂಡಳು.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಲಂಡನ್ನಿನ ಕೆಲಸ ಇನ್ನೂ ಮುಗಿಯದ ರಕ್ಷಾ ಅವ್ವನನ್ನು ಅಲ್ಲಿಗೆ ಕರೆಸಿಕೊಂಡಳು. ಒಂದು ಶನಿವಾರ ಹಳ್ಳಿಗಾಡಿಗೆ ಕರೆದೊಯ್ದು ಏಳುನೂರು ವರ್ಷದ ಹಳೇ ಚರ್ಚ್ ತೋರಿಸಿದಳು. ವೀರಬಸಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ನೆಲದ ಕಲ್ಲುಗಳ ಮೇಲೆಲ್ಲ ಹೆಸರುಗಳು. ಊರ ಹಿರಿಯರನ್ನು ಆ ನೆಲದಡಿಯೇ ಹೂಳಿದ್ದರು.

"ಸತ್ತವರ ಎದಿ ಮ್ಯಾಲೆ ಹೆಂಗ ಕಾಲಿಡ್ಲಿ?" ಎಂದು ಗೋಡೆ ಹಿಡಿದು, ಹೆಸರುಗಳನ್ನು ತಪ್ಪಿಸುತ್ತ ಬೆಂಚಿನಿಂದ ಬೆಂಚಿಗೆ ಸರಿದಳು.

"ಮಮ್ಮಿ, ಇಟ್ಸ್ ಓಕೆ. ಎವ್ರಿಬಡಿ ಡಸ್ ಇಟ್" ಎಂದಳು ರಕ್ಷಾ.

"ಎಲ್ಲಾರೂ ಮಾಡ್ತಾರಂತ ಮಾಡಿದ್ದಕ್ಕ ನಾ ಇಷ್ಟು ಅನುಭವಿಸಾಕತ್ತೀನಿ" ಎಂದು ರೇಗಿದಳು.

ಹೂವು ಜೋಡಿಸುತ್ತಿದ್ದ ಮಾರ್ಗರೆಟ್ ಎಂಬ ಆ ಊರಿನ ಮುದುಕಿ ಹತ್ತಿರ ಬಂದು, ಏನಾದರೂ ಹುಡುಕುತ್ತಿದ್ದೀರಾ ಎಂದು ಕೇಳಿದಳು. ಮಗಳಿಗೂ ಹೇಳದ್ದನ್ನು ವೀರಬಸಮ್ಮ ಗುರುತಿಲ್ಲದ ಆಕೆಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. "ನಮ್ಮಲ್ಲಿ ಹೂಳಬೇಕು. ನಾನು ನನ್ನ ಗಂಡನನ್ನು ಸುಡಲು ಬಿಟ್ಟೆ." ರಕ್ಷಾ ಕಣ್ಣಿಗೆ ಹಿಡಿದಿದ್ದ ಕ್ಯಾಮೆರಾ ಕೆಳಗಿಳಿಸಿದಳು.

ಮಾರ್ಗರೆಟ್ ಇಬ್ಬರನ್ನೂ ಹೊರಗೆ ಕರೆದುಕೊಂಡು ಹೋಗಿ ಮರದ ಕೆಳಗಿನ ಪುಟ್ಟ ಕಲ್ಲುಗಳನ್ನು ತೋರಿಸಿದಳು. "ಇವರನ್ನೆಲ್ಲ ಸುಟ್ಟದ್ದೇ. ಬೂದಿಯನ್ನು ಇಲ್ಲಿ ಹೂತೆವು. ನನ್ನ ಯಜಮಾನರೂ ಇಲ್ಲೇ ಇದ್ದಾರೆ."

ವೀರಬಸಮ್ಮ ಬರಿಗಾಲಲ್ಲೇ ಹುಲ್ಲಿನ ಮೇಲೆ ಅತ್ತಿಂದಿತ್ತ ಅಡ್ಡಾಡಿದಳು. ಸಿಟ್ಟು, ನಾಚಿಕೆ, ಅಳು ಎಲ್ಲ ಒಟ್ಟಿಗೇ ಬಂತು. ಬೂದಿಗೂ ಮಣ್ಣು ಕೊಡಬಹುದೆಂದು ಇಷ್ಟು ದಿನ ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಹಲುಬಿದಳು.

ರಕ್ಷಾ ಬಂದು ಕೈ ಹಿಡಿದಳು. "ಶಲ್ ವಿ ಟೇಕ್ ಪಪ್ಪಾ ಟು ಲಿಂಗಸುಗೂರು?"

ಇಷ್ಟು ವರ್ಷವೂ ಊರಿಗೆ ಹೋಗಿಬಿಡ್ತೀನಿ, ಹೋಗಿಬಿಡ್ತೀನಿ ಅನ್ನುತ್ತಿದ್ದ ಹೆಂಗಸು ಬೇಡವೆಂದು ತಲೆಯಾಡಿಸಿದಳು.

"ನೀ ತಿರುಗಿ ಬಂದು ಇರೋದು ಜರ್ಸಿಯಾಗ. ಅಲ್ಲೇ ಜಾಗ ನೋಡು, ಇಬ್ರಿಗೂ" ಎಂದಳು. "ನನ್ನ ಮಾತ್ರ ಸುಡಬ್ಯಾಡ."